ಅವರು ಅಂಗಾತ, ಇವರು ಮಗ್ಗುಲು: ಇಬ್ಬರಿಗೂ ಹೊಂದುವ ಹಾಸಿಗೆಯನ್ನು ಪದರ ಪದರವಾಗಿ ಕಟ್ಟಿಸುವುದು ಹೇಗೆ

ಗಂಡ ಅಂಗಾತ ಬಿದ್ದರೆ ಬೆಳಗಿನ ತನಕ ಅಲುಗುವುದಿಲ್ಲ. ಹೆಂಡತಿಗೆ ಮಗ್ಗುಲಾಗದೆ ನಿದ್ದೆಯೇ ಹತ್ತುವುದಿಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಹೀಗೇ. ಆದರೆ ಹಾಸಿಗೆ ಕೊಳ್ಳಲು ಹೋದಾಗ ಇಬ್ಬರದ್ದೂ ಒಂದೇ ಮೈ ಎಂಬಂತೆ ಎಂಟು ಇಂಚಿನ ಒಂದೇ ಹಾಸಿಗೆಯನ್ನು ಆಟೋ ಮೇಲೆ ಹೇರಿಕೊಂಡು ಬರುತ್ತೇವೆ. ಕೆಲವು ತಿಂಗಳಿಗೆ ಒಬ್ಬರಿಗೆ ಹೆಗಲು ಜೋಮು, ಇನ್ನೊಬ್ಬರಿಗೆ ಟೊಂಕನೋವು. ಆಮೇಲೆ ಒಬ್ಬರು ಚಾಪೆ ಹಾಸಿಕೊಂಡು ಕೆಳಗೆ ಮಲಗುತ್ತಾರೆ.

ಇದಕ್ಕೆ ದುಬಾರಿ ಕಂಪನಿ ಹಾಸಿಗೆಯೇ ಬೇಕೆಂದಿಲ್ಲ. ಬುಡದ ಪದರ ಇಬ್ಬರಿಗೂ ಒಂದೇ ಇರಲಿ, ಮೇಲಿನ ಪದರ ಅವರವರದ್ದಾಗಲಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಗಂಗಾವತಿಯಂಥ ಊರುಗಳಲ್ಲಿ ಫೋಮ್ ಕತ್ತರಿಸಿ ಕೊಟ್ಟು ಕವರ್ ಹೊಲಿಸಿಕೊಡುವ ಅಂಗಡಿಗಳು ಇರುವುದರಿಂದ ನಮಗೆ ಇದು ಇನ್ನೂ ಸುಲಭ.

ಮೊದಲ ಹೆಜ್ಜೆ: ಯಾರು ಹೇಗೆ ಮಲಗುತ್ತಾರೆ, ಎಲ್ಲಿ ನೋಯುತ್ತದೆ

ನೀವು ಹೇಗೆ ಮಲಗುತ್ತೀರಿ ಅನ್ನುವುದು ನಿಮಗಿಂತ ಚೆನ್ನಾಗಿ ಪಕ್ಕದಲ್ಲಿ ಮಲಗುವವರಿಗೆ ಗೊತ್ತು. ಆದ್ದರಿಂದ ನಿಮ್ಮದನ್ನು ಅವರು ಹೇಳಲಿ, ಅವರದ್ದನ್ನು ನೀವು ಹೇಳಿ. ಕಣ್ಣು ಹತ್ತುವಾಗ ಹೇಗಿದ್ದಿರಿ, ನಡುರಾತ್ರಿ ಹೇಗಿದ್ದಿರಿ, ಎದ್ದಾಗ ಹೇಗಿದ್ದಿರಿ, ಮೂರೂ ಬೇಕು. ಹೆಚ್ಚು ಹೊತ್ತು ಯಾವ ಭಂಗಿಯೋ ಅದಕ್ಕೆ ತಕ್ಕ ಪದರ.

ಮಗ್ಗುಲಾಗಿ ಮಲಗಿದಾಗ ಮೈಯ ಭಾರವೆಲ್ಲ ಹೆಗಲು ಮತ್ತು ಚಪ್ಪೆಯ ಮೇಲೆ, ಅಂದರೆ ಬಹಳ ಸಣ್ಣ ಜಾಗದ ಮೇಲೆ ಬೀಳುತ್ತದೆ. ಆ ಎರಡು ಕಡೆ ಹಾಸಿಗೆ ತಗ್ಗಿ ಜಾಗ ಕೊಡಬೇಕು, ನಡುವನ್ನು ಮಾತ್ರ ಎತ್ತಿ ಹಿಡಿಯಬೇಕು. ಜಾಗ ಕೊಡದಿದ್ದರೆ ಕೈ ಜೋಮು ಹಿಡಿಯುತ್ತದೆ, ರಾತ್ರಿಯೆಲ್ಲ ಹೊರಳಾಟ. ಹಾಗಾಗಿ ಇವರಿಗೆ ಮೇಲೆ ಎರಡರಿಂದ ಮೂರು ಇಂಚು ಮೆತ್ತನೆಯ ಪದರ ಬೇಕು.

ಅಂಗಾತ ಮಲಗುವವರ ಭಾರ ಬೆನ್ನಗಲಕ್ಕೂ ಹರಡಿರುತ್ತದೆ. ಅವರಿಗೆ ಬೇಕಾದ್ದು ನಡು ಕೆಳಗೆ ಜೋತು ಬೀಳದ ಮಧ್ಯಮ ಗಟ್ಟಿ. ಬೋರಲು ಮಲಗುವವರಿಗೆ ಇನ್ನೂ ಗಟ್ಟಿ ಬೇಕು. ಮೆತ್ತನೆಯದರಲ್ಲಿ ಅವರ ಹೊಟ್ಟೆ, ಸೊಂಟ ಹುಗಿದು ಬೆನ್ನು ಹಿಂದಕ್ಕೆ ಬಿಲ್ಲಾಗುತ್ತದೆ, ಬೆಳಗ್ಗೆ ಎದ್ದು ನೆಟ್ಟಗೆ ನಿಲ್ಲುವುದೇ ಕಷ್ಟ.

ಭಂಗಿಯ ಜೊತೆಗೆ ತೂಕವನ್ನೂ ಬರೆದಿಟ್ಟುಕೊಳ್ಳಿ. ಐವತ್ತು ಕೆಜಿಯವರಿಗೆ ಗಟ್ಟಿ ಅನಿಸುವ ಹಾಸಿಗೆ ತೊಂಬತ್ತು ಕೆಜಿಯವರಿಗೆ ಮೆತ್ತಗೆ ಅನಿಸುತ್ತದೆ. ಹಾಸಿಗೆ ಅದೇ, ಒತ್ತುವ ಭಾರ ಬೇರೆ. ಅಂಗಡಿಯಲ್ಲಿ "ಇದು ಮೀಡಿಯಂ ಫರ್ಮ್ ಐತ್ರೀ" ಎಂದರೆ ಯಾರಿಗೆ ಮೀಡಿಯಂ ಎಂದು ಕೇಳಲೇಬೇಕು.

ಒಂದು ಎಚ್ಚರಿಕೆ. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ ಹಾಸಿಗೆ ಅಂಗಡಿಗಿಂತ ಮೊದಲು ಎಲುಬಿನ ಡಾಕ್ಟರ ಹತ್ತಿರ ಹೋಗಿ.

ಎರಡನೆಯದು: ದುಡ್ಡು ಬಿಚ್ಚುವ ಮೊದಲು ಕೌದಿ ಪರೀಕ್ಷೆ

ಇದು ಯಾವ ಅಂಗಡಿಯವನೂ ಹೇಳಿಕೊಡದ ಪರೀಕ್ಷೆ, ಖರ್ಚೂ ಇಲ್ಲ. ಈಗಿರುವ ಹಾಸಿಗೆಯನ್ನು ಒಂದೆರಡು ರಾತ್ರಿ ಮಂಚದಿಂದ ಇಳಿಸಿ ನೆಲದ ಮೇಲೆ ಹಾಸಿ ಮಲಗಿ. ನೋವು ಕಡಿಮೆಯಾದರೆ ತಪ್ಪು ಹಾಸಿಗೆಯದ್ದಲ್ಲ, ಮಂಚದ್ದು. ಪ್ಲೈವುಡ್ ಬಾಗಿರಬಹುದು, ಪಟ್ಟಿ ಸಡಿಲಾಗಿರಬಹುದು. ಬಡಗಿಯನ್ನು ಕರೆಸಿ ನಡುವೆ ಒಂದು ಅಡ್ಡಪಟ್ಟಿ, ಅದಕ್ಕೊಂದು ಕಾಲು ಹಾಕಿಸಿದರೆ ಮುಗಿಯಿತು. ಹೊಸ ಹಾಸಿಗೆ ತಂದು ಬಾಗಿದ ಮಂಚದ ಮೇಲೆ ಹಾಕಿದರೆ ಅದೂ ಬಾಗುತ್ತದೆ.

ಮಂಚ ಸರಿಯಿದ್ದರೆ ಪೆಟ್ಟಿಗೆಯಲ್ಲಿಟ್ಟ ಕೌದಿಗಳನ್ನು ಹೊರತೆಗೆಯಿರಿ. ಮಗ್ಗುಲಾಗಿ ಮಲಗುವವರ ಬದಿಗೆ ಮಾತ್ರ ಒಂದು ಕೌದಿಯನ್ನು ಎರಡು ಮಡಿಕೆ ಮಾಡಿ ಉದ್ದಕ್ಕೆ ಹಾಸಿ, ಮೂರ್ನಾಲ್ಕು ರಾತ್ರಿ ನೋಡಿ. ಹೆಗಲಿಗೆ ಸಾಲದಿದ್ದರೆ ಇನ್ನೊಂದು ಸೇರಿಸಿ. ಕೌದಿ ಫೋಮಿನಷ್ಟು ತಗ್ಗುವುದಿಲ್ಲ, ನಿಜ. ಆದರೆ ಆರಾಮ ಯಾವ ಕಡೆಗಿದೆ ಎಂದು ಅದು ಖಂಡಿತ ತೋರಿಸುತ್ತದೆ. ಎರಡು ಮಡಿಕೆಗೇ ಹಾಯೆನಿಸಿದರೆ ನಿಮಗೆ ಬೇಕಾದ್ದು ತೆಳುವಾದ ಮೆತ್ತನೆ ಪದರ, ಇಡೀ ಹಾಸಿಗೆ ಬದಲಿಸುವ ಮಾತೇ ಇಲ್ಲ. ನಾಲ್ಕು ಮಡಿಕೆಗೂ ಹೆಗಲು ನೋಯುತ್ತಿದ್ದರೆ ಒಳಗಿನ ಹತ್ತಿಯೋ ಫೋಮೋ ಗಂಟುಗಟ್ಟಿದೆ ಎಂದರ್ಥ.

ಅಂಗಾತ ಮಲಗುವವರಿಗೆ ಪರೀಕ್ಷೆ ಬೇರೆ. ಮಲಗಿದಾಗ ಟೊಂಕದ ಕೆಳಗೆ ಇನ್ನೊಬ್ಬರು ಅಂಗೈ ತೂರಿಸಲಿ. ಕೈ ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ಅತಿ ಗಟ್ಟಿ. ತೂರುವುದೇ ಇಲ್ಲವೆಂದರೆ ನಡು ಹುಗಿದಿದೆ, ಅತಿ ಮೆತ್ತಗೆ. ತುಸು ಬಿಗಿಯಾಗಿ ಹೋದರೆ ಸರಿ.

ಬೆನ್ನುನೋವಿಗೆ ಹಲಗೆಯಂಥ ಹಾಸಿಗೆಯೇ ಔಷಧ ಎಂಬ ನಂಬಿಕೆ ನಮ್ಮ ಹಿರಿಯರಲ್ಲಿ ಗಟ್ಟಿಯಾಗಿದೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂತು. ಬಹುಕಾಲದ ಟೊಂಕನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮದವರಿಗೇ ಹೆಚ್ಚು ಗುಣ ಕಂಡಿತು. ಅತ್ತೆಯವರು "ಬಿರುಸು ಇದ್ದಷ್ಟು ಛಲೋ ನೋಡವ್ವಾ" ಎಂದರೆ ಎದುರಾಡಬೇಡಿ. ಬುಡದ ಪದರ ಬಿರುಸಾಗಿಯೇ ಇರುತ್ತದೆ, ಅವರ ಮಾತೂ ಉಳಿಯುತ್ತದೆ.

ಮೂರನೆಯದು: ಡೆನ್ಸಿಟಿ ಬೇರೆ, ಗಟ್ಟಿತನ ಬೇರೆ

ಗಿರಾಕಿಗಳು ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ 23, 28, 32, 40 ಎಂದು ಹೇಳುವ ಅಂಕಿ ಡೆನ್ಸಿಟಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬ ಲೆಕ್ಕ ಅದು. ಅದು ಹೇಳುವುದು ಬಾಳಿಕೆಯನ್ನು, ಗಟ್ಟಿತನವನ್ನಲ್ಲ. 40 ಡೆನ್ಸಿಟಿಯಲ್ಲಿ ಮೆತ್ತನೆಯ ಫೋಮೂ ಉಂಟು, 28ರಲ್ಲಿ ಬಿರುಸಾದದ್ದೂ ಉಂಟು. ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮ್ ಅಂಗಡಿಯಲ್ಲಿ ಬೆರಳಿಟ್ಟು ಒತ್ತಿದಾಗ ಚೆನ್ನಾಗಿಯೇ ಇರುತ್ತದೆ, ದಿನಾ ಮಲಗುವ ಜಾಗದಲ್ಲಿ ಬೇಗ ಗುಂಡಿ ಬೀಳುತ್ತದೆ.

ಗಟ್ಟಿತನಕ್ಕೆ ಇರುವ ಅಂಕಿ ಐಎಲ್‌ಡಿ. ಫೋಮನ್ನು ಒಂದು ಗುಂಡು ತಟ್ಟೆಯಿಂದ ಅದರ ದಪ್ಪದ ಕಾಲುಭಾಗದಷ್ಟು ಒತ್ತಲು ಎಷ್ಟು ಬಲ ಬೇಕೆಂಬ ಅಳತೆ. ಅಂಕಿ ಹೆಚ್ಚಿದಷ್ಟೂ ಗಟ್ಟಿ. ಪೌಂಡಿನ ಲೆಕ್ಕದಲ್ಲಿ ಸುಮಾರು 20ರ ಕೆಳಗಿನದು ಮೆತ್ತಗೆ, 20ರಿಂದ 30 ಮಧ್ಯಮ, ಅದರಾಚೆ ಗಟ್ಟಿ ಎನ್ನುತ್ತಾರೆ. ಕೆಲವರು ನ್ಯೂಟನ್ ಲೆಕ್ಕದಲ್ಲಿ ಹೇಳುತ್ತಾರೆ, ಆಗ ಅಂಕಿ ಸುಮಾರು ನಾಲ್ಕೂವರೆ ಪಟ್ಟು ಆಗುತ್ತದೆ. ಎರಡನ್ನೂ ಬೆರೆಸಬೇಡಿ. ಸಣ್ಣ ಅಂಗಡಿಯಲ್ಲಿ ಐಎಲ್‌ಡಿ ಕೇಳಿದರೆ ಮುಖ ನೋಡುತ್ತಾರೆ. ಅಲ್ಲಿ ಒಂದೇ ದಪ್ಪದ ಎರಡು ತುಂಡು ಪಕ್ಕಪಕ್ಕ ಇಡಿಸಿ, ಮೊಣಕಾಲೂರಿ ನೋಡಿ. ಬೆರಳಿಂದ ಒತ್ತಿ ನೋಡುವುದರಿಂದ ಏನೂ ತಿಳಿಯದು.

ಡೆನ್ಸಿಟಿಯ ಮಾತು ನಿಜವೋ ಸುಳ್ಳೋ ಎಂದು ನೀವೇ ತೂಗಿ ನೋಡಬಹುದು. 72 ಇಂಚು ಉದ್ದ, 36 ಇಂಚು ಅಗಲ, 2 ಇಂಚು ದಪ್ಪದ ತುಂಡಿನ ತೂಕ ಹೀಗಿರಬೇಕು: 23 ಡೆನ್ಸಿಟಿಯಾದರೆ ಎರಡು ಕೆಜಿಗೆ ತುಸು ಕಡಿಮೆ, 28 ಆದರೆ ಸುಮಾರು 2.4 ಕೆಜಿ, 32 ಆದರೆ 2.7, 40 ಆದರೆ 3.4. ಚೂರು ಫೋಮ್ ಒತ್ತಿ ಮಾಡಿದ ರೀಬಾಂಡೆಡ್‌ನಲ್ಲಿ 100 ಡೆನ್ಸಿಟಿಯ ನಾಲ್ಕು ಇಂಚಿನದು ಅದೇ ಅಳತೆಗೆ 17 ಕೆಜಿ ತೂಗುತ್ತದೆ. ತಕ್ಕಡಿ ಇಲ್ಲವೆಂದರೆ ಪಕ್ಕದ ಕಿರಾಣಿ ಅಂಗಡಿಯಲ್ಲಿದೆ. ಭತ್ತ, ಹತ್ತಿಯನ್ನು ತೂಗಿಸದೆ ಬಿಡದ ನಾಡಿನವರು ನಾವು, ಫೋಮನ್ನು ಮಾತ್ರ ಬಾಯಿಮಾತಿಗೆ ನಂಬಿ ತರುತ್ತೇವೆ.

"ಆರ್ಥೋ" ಎಂಬ ಚೀಟಿಗೆ ಬೆಲೆ ಕೊಡಬೇಡಿ. ಹಾಗೆಂದರೆ ಇಷ್ಟೇ ಗಟ್ಟಿ ಎಂಬ ನಿಗದಿಯ ಅರ್ಥವೇನೂ ಇಲ್ಲ.

ನಾಲ್ಕನೆಯದು: ಪದರ ಜೋಡಿಸುವುದು

ಅಡಿಯಿಂದ ಮೇಲಕ್ಕೆ ಹೋಗೋಣ. ಬುಡಕ್ಕೆ ನಾಲ್ಕು ಇಂಚು ರೀಬಾಂಡೆಡ್ ಅಥವಾ ಗಟ್ಟಿ ಎಚ್ಆರ್ (ಹೈ ರೆಸಿಲಿಯೆನ್ಸ್, ಅಂದರೆ ಒತ್ತಿದರೆ ಚೆನ್ನಾಗಿ ಪುಟಿದೇಳುವ) ಫೋಮ್. ತೆಂಗಿನ ನಾರಿನ ಹಾಸಿಗೆ ಈಗಾಗಲೇ ಮನೆಯಲ್ಲಿದ್ದು ಗುಂಡಿ ಬಿದ್ದಿಲ್ಲವಾದರೆ ಅದೇ ಬುಡವಾಗಲಿ, ಹೊಸದು ಬೇಡ. ಅದರ ಮೇಲೆ ಒಬ್ಬೊಬ್ಬರಿಗೂ ಎರಡು ಇಂಚಿನ ಎರಡು ತುಂಡು: ಒಂದು 40 ಡೆನ್ಸಿಟಿಯ ಎಚ್ಆರ್ ಫೋಮ್, ಮಧ್ಯಮದಿಂದ ಗಟ್ಟಿ. ಇನ್ನೊಂದು ಮೆತ್ತನೆಯ ಲ್ಯಾಟೆಕ್ಸ್, ಅಂದರೆ ರಬ್ಬರಿನ ಫೋಮ್.

ಇಬ್ಬರಿಗೂ ಅವೇ ತುಂಡುಗಳು. ಬದಲಾಗುವುದು ಅವುಗಳ ಮೇಲು ಕೆಳಗು ಮಾತ್ರ. ಮಗ್ಗುಲಾಗಿ ಮಲಗುವವರ ಬದಿಗೆ ಲ್ಯಾಟೆಕ್ಸ್ ಮೇಲೆ, ಎಚ್ಆರ್ ಕೆಳಗೆ. ಅಂಗಾತ ಮಲಗುವವರ ಬದಿಗೆ ಎಚ್ಆರ್ ಮೇಲೆ, ಲ್ಯಾಟೆಕ್ಸ್ ಕೆಳಗೆ. ಎರಡೂ ಬದಿ ಎಂಟು ಇಂಚೇ ಆಗುವುದರಿಂದ ನಡುವೆ ಮೆಟ್ಟಿಲು ಬೀಳುವುದಿಲ್ಲ. ನಾಳೆ ಒಬ್ಬರ ರೂಢಿ ಬದಲಾದರೆ ಪದರ ಅದಲು ಬದಲು ಮಾಡಿದರಾಯಿತು.

ಬೋರಲು ಮಲಗುವವರಿದ್ದರೆ ಅವರ ಬದಿಗೆ ಲ್ಯಾಟೆಕ್ಸ್ ಬಿಟ್ಟು ಎರಡೂ ತುಂಡು ಎಚ್ಆರ್ ಇರಲಿ. ಮಗ್ಗುಲಾಗಿ ಮಲಗುವವರು ಎಂಬತ್ತು ಕೆಜಿ ದಾಟಿದ್ದರೆ ಎರಡು ಇಂಚು ಸಾಲದು. ಹೆಗಲು ಮೆತ್ತನೆಯ ಪದರ ದಾಟಿ ಕೆಳಗಿನ ಗಟ್ಟಿಗೆ ತಾಗುತ್ತದೆ. ಅಂಥವರಿಗೆ ಮೇಲಿನದು ಮೂರು ಇಂಚು, ಸ್ವಲ್ಪ ಹೆಚ್ಚು ಐಎಲ್‌ಡಿಯದು, ಅದರ ಕೆಳಗಿನ ಎಚ್ಆರ್ ಒಂದೇ ಇಂಚು. ಭಾರದವರಿಗೆ ಬರೀ ಗಟ್ಟಿ ಬೇಕು ಎನ್ನುವುದು ಅರ್ಧ ಸತ್ಯ. ಅವರಿಗೆ ಬೇಕಾದ್ದು ದಪ್ಪ.

ಯಾವ ಭಂಗಿಯಲ್ಲೂ ನಿಲ್ಲದೆ ರಾತ್ರಿಯಿಡೀ ಹೊರಳುವವರಿಗೆ ಲ್ಯಾಟೆಕ್ಸೇ ಒಳ್ಳೆಯದು, ಒತ್ತಿದ ಕೂಡಲೇ ಮೇಲೆದ್ದು ಬರುತ್ತದೆ. ಮೈಯ ಆಕಾರಕ್ಕೆ ತಗ್ಗಿ ನಿಧಾನಕ್ಕೆ ಮೇಲೇಳುವ ಮೆಮೊರಿ ಫೋಮಿನಲ್ಲಿ ಹೊರಳಲು ಗುಂಡಿಯಿಂದ ಎದ್ದು ಬರಬೇಕು.

ಪದರಗಳ ನಡುವೆ ಗಮ್ ಹಾಕಲು ಬಿಡಬೇಡಿ, ಬಿಚ್ಚಿ ಬದಲಿಸಲು ಬರುವಂತೆ ಜಿಪ್ ಇರುವ ಕವರಿನೊಳಗೆ ಇಡಿಸಿ. ಅಂಗಡಿಯವರು ರೂಢಿಯಂತೆ ಹಚ್ಚಿಬಿಡುತ್ತಾರೆ, ಮುಂಚೆಯೇ "ಗಮ್ ಹಚ್ಚಬ್ಯಾಡ್ರಿ, ಜಿಪ್ ಹಾಕ್ರಿ" ಎಂದು ಹೇಳಿ ಚೀಟಿಯಲ್ಲೂ ಬರೆಸಿ. ಗಮ್ ಹಚ್ಚಿದ ಮೇಲೆ ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ.

ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಡಾಕ್ಟರು ಮಗ್ಗುಲಾಗಿಯೇ ಮಲಗಲು ಹೇಳುತ್ತಾರೆ. ಅಲ್ಲಿಯವರೆಗೆ ಅಂಗಾತ ಮಲಗುತ್ತಿದ್ದವರಿಗೂ ಆಗ ಲ್ಯಾಟೆಕ್ಸ್ ಮೇಲೆ ಬರಬೇಕು. ಹೆರಿಗೆಗೆ ತವರಿಗೆ ಹೋಗುವಾಗ ಆ ಎರಡಿಂಚಿನ ತುಂಡನ್ನು ಸುರುಳಿ ಸುತ್ತಿ ಕಾರಿನಲ್ಲಿ ಹಾಕಿಕೊಂಡು ಹೋಗಬಹುದು. ಜಿಪ್‌ನಿಂದ ಇದೂ ಒಂದು ಅನುಕೂಲ.

ಐದನೆಯದು: ನಮ್ಮ ಸೆಕೆಯನ್ನು ಲೆಕ್ಕಕ್ಕೆ ಹಿಡಿಯುವುದು

ಬೆಂಗಳೂರಿನವರು ಬರೆದ ಸಲಹೆಗಳು ನಮಗೆ ಪೂರ್ತಿ ಹೊಂದುವುದಿಲ್ಲ. ಏಪ್ರಿಲ್, ಮೇನಲ್ಲಿ ರಾಯಚೂರಿನ ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿ ಉಗುಳುತ್ತಿರುತ್ತದೆ. ಮೆಮೊರಿ ಫೋಮಿನ ಗುಣವೇ ಬಿಸಿಗೆ ಮೆತ್ತಗಾಗುವುದು, ತಂಪಿಗೆ ಬಿರುಸಾಗುವುದು. ಎಸಿ ಹಾಕಿದ ಶೋರೂಮಿನಲ್ಲಿ ಹದವಾಗಿದೆ ಎಂದು ತಂದದ್ದು ನಮ್ಮ ಮೇ ತಿಂಗಳ ಕೋಣೆಯಲ್ಲಿ ಕೆಸರಿನಂತೆ ಹುಗಿಯುತ್ತದೆ, ಮೈಯ ಬಿಸಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಂಗಾತ ಮಲಗುವವರ ಟೊಂಕಕ್ಕೆ ಬೇಸಿಗೆಯಲ್ಲೇ ನೋವು ಹೆಚ್ಚುವುದಿದ್ದರೆ ಈ ಕಾರಣವನ್ನೂ ಅನುಮಾನಿಸಿ. ಲ್ಯಾಟೆಕ್ಸ್, ಎಚ್ಆರ್ ಹೀಗೆ ಬಿಸಿಗೆ ಅಷ್ಟಾಗಿ ಹದಗೆಡುವುದಿಲ್ಲ, ಗಾಳಿಯೂ ಆಡುತ್ತದೆ. ಎಸಿ ಇಲ್ಲದ ಮನೆಗೆ ಮೆಮೊರಿ ಫೋಮ್ ಬೇಡವೇ ಬೇಡ ಎನ್ನುವುದು ನನ್ನ ಮಾತು. ಜೆಲ್ ಹಾಕಿದ್ದು ತಂಪು ಎನ್ನುತ್ತಾರೆ. ಮಲಗಿದ ಮೊದಲ ಗಳಿಗೆಗೆ ತಂಪೇ, ಆಮೇಲೆ ಎಲ್ಲದರಂತೆ ಅದೂ ಕಾಯುತ್ತದೆ.

ಕೂಲರ್ ಓಡುವ ಮನೆಯಲ್ಲಿ ಇನ್ನೊಂದು ತೊಂದರೆ, ಪಸೆ. ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚವಾದರೆ ಗಾಳಿಯೇ ಇರುವುದಿಲ್ಲ, ಹಾಸಿಗೆಯ ಅಡಿ ಬೂಸು ಹಿಡಿಯುತ್ತದೆ. ಪ್ಲೈವುಡ್‌ಗೆ ಬಡಗಿಯಿಂದ ಅಲ್ಲಲ್ಲಿ ತೂತು ಕೊರೆಸಿ. ತಿಂಗಳಿಗೊಮ್ಮೆ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ ಫ್ಯಾನ್ ಹಾಕಿ. ಹತ್ತಿ ಗಾದಿಯಂತೆ ಮಾಳಿಗೆಯ ಬಿಸಿಲಿಗೆ ಹಾಕುವ ರೂಢಿಯನ್ನು ಇಲ್ಲಿ ಬಿಡಬೇಕು. ನೇರ ಬಿಸಿಲಿಗೆ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ, ಲ್ಯಾಟೆಕ್ಸ್ ಒಣಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರಿಗೆ ಹತ್ತಿ ಗಾದಿಗೆ ಸಾಟಿಯೇ ಇಲ್ಲ. ಬೆವರು ಹೀರುತ್ತದೆ, ಬಿಸಿಲು ತಡೆಯುತ್ತದೆ, ಗಂಟಾದರೆ ಹಿಂಜಿಸಿ ಮತ್ತೆ ತುಂಬಿಸಬಹುದು.

ಮತ್ತೆ, ಹೊಸ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ಕೊಳೆಯಾದೀತೆಂದು ವರ್ಷಗಟ್ಟಲೆ ಬಿಚ್ಚದವರಿದ್ದಾರೆ. ದಯವಿಟ್ಟು ಬಿಚ್ಚಿ.

ಆರನೆಯದು: ಅಳತೆ, ಮತ್ತು ನಡುವಿನ ಸಂದು

ನಮ್ಮ ಬಡಗಿಗಳು ಮಂಚದ ಅಳತೆ ಹೇಳುವುದು ಅಡಿಯಲ್ಲಿ: ಆರು–ಆರೂಕಾಲು ಎಂದರೆ 72 ಇಂಚು ಅಗಲ, 75 ಇಂಚು ಉದ್ದ. ಆರು–ಆರೂವರೆ ಎಂದರೆ 72–78. ಐದು ಅಡಿಯದು 60 ಇಂಚು. ಮಂಚದ ಒಳಗಳತೆಯನ್ನು ನೀವೇ ಟೇಪ್ ಹಿಡಿದು ಮೂರು ಕಡೆ ನೋಡಿ, ಊರ ಮಂಚಗಳಲ್ಲಿ ತಲೆಕಡೆಗೂ ಕಾಲ್ಕಡೆಗೂ ಅರ್ಧ ಇಂಚು ವ್ಯತ್ಯಾಸ ಸಾಮಾನ್ಯ.

ಆರಡಿ ಅಗಲವಿದ್ದರೆ ಒಬ್ಬರಿಗೆ 36 ಇಂಚು, ಒಂಟಿ ಹಾಸಿಗೆಯಷ್ಟೇ ಜಾಗ. ಐದಡಿಯನ್ನು ಸೀಳಿದರೆ ತಲಾ 30 ಇಂಚು. ಅದು ಇಕ್ಕಟ್ಟು, ಹೊರಳುವವರು ಇನ್ನೊಬ್ಬರ ಪದರಕ್ಕೆ ಹೋಗಿಬಿಡುತ್ತಾರೆ. ಐದಡಿ ಮಂಚದವರು ಮೇಲೆ ಇಡೀ ಅಗಲಕ್ಕೆ ಒಂದೇ ಮಧ್ಯಮ ಪದರ ಹಾಕಿ, ಹಗುರ ಮೈಯವರ ಬದಿಗೆ ಒಂದು ಇಂಚಿನ ಮೆತ್ತನೆ ತುಂಡನ್ನು ಬೆಡ್‌ಶೀಟಿನ ಕೆಳಗೆ ಸೇರಿಸುವುದೇ ಮೇಲು.

ಸೀಳಬೇಕಾದ್ದು ಮೇಲಿನ ಎರಡು ಪದರ ಮಾತ್ರ. ಬುಡ ಅಖಂಡವಾಗಿದ್ದರೆ ಎರಡು ತುಂಡು ದೂರ ಸರಿಯುವುದಿಲ್ಲ. ಎಲ್ಲಕ್ಕೂ ಸೇರಿಸಿ ಒಂದೇ ಜಿಪ್ ಕವರ್ ಹೊಲಿಸಿ. ಕವರಿನ ಮೇಲ್ಬಟ್ಟೆ ಹಿಗ್ಗುವ ನಿಟಿಂಗ್ ಬಟ್ಟೆಯಾಗಿರಲಿ. ದಪ್ಪ ಕ್ವಿಲ್ಟಿಂಗ್ ಮಾಡಿ ಬಿಗಿಯಾಗಿ ಎಳೆದ ಬಟ್ಟೆ ಡೋಲಿನ ಚರ್ಮದಂತೆ ಬಿಗಿದು ಮೆತ್ತನೆ ಪದರವನ್ನೇ ಗಟ್ಟಿ ಮಾಡಿಬಿಡುತ್ತದೆ. ಮಗು ನಡುವೆ ಮಲಗುವ ಮನೆಯಲ್ಲಿ ಸಂದಿನ ಮೇಲೆ ಉದ್ದಕ್ಕೆ ಒಂದು ತೆಳು ಕೌದಿ ಹಾಸಿದರೆ ಸಾಕು. ಎದೆಹಾಲಿನ ಕೂಸು ಮಾತ್ರ ಇಂಥ ಮೆತ್ತನೆಯ ಪದರದ ಮೇಲೆ, ಸಂದಿನಲ್ಲಿ ಬೇಡ. ಅದಕ್ಕೆ ಬೇರೆಯದೇ ಗಟ್ಟಿ, ಸಮತಟ್ಟು ಹಾಸಿಗೆ ಬೇಕು.

ಪದರ ಬೇರೆಯಾದಾಗ ಒಬ್ಬರ ಅಲುಗಾಟ ಇನ್ನೊಬ್ಬರಿಗೆ ಅಷ್ಟಾಗಿ ತಟ್ಟುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಶಕ್ತಿನಗರದ ವಿದ್ಯುತ್ ಕೇಂದ್ರಕ್ಕೋ ಶಿಫ್ಟಿಗೆ ಹೋಗುವವರ ಮನೆಯಲ್ಲಿ ಇದು ದೊಡ್ಡ ಸಂಗತಿ, ಒಬ್ಬರು ನಸುಕಿನಲ್ಲಿ ಎದ್ದರೆ ಇನ್ನೊಬ್ಬರ ನಿದ್ದೆ ಕೆಡುವುದಿಲ್ಲ. ಸ್ಪ್ರಿಂಗ್ ಹಾಸಿಗೆಯೇ ಬೇಕೆಂದರೆ ಪಾಕೆಟ್ ಸ್ಪ್ರಿಂಗ್ ಕೇಳಿ, ಅದರಲ್ಲಿ ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿರುತ್ತದೆ. ಬಾನೆಲ್ ಎಂಬ ಇನ್ನೊಂದು ಬಗೆಯಲ್ಲಿ ಸ್ಪ್ರಿಂಗುಗಳು ಒಂದಕ್ಕೊಂದು ಕಟ್ಟಿರುವುದರಿಂದ ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಕುಣಿಯುತ್ತದೆ.

ಏಳನೆಯದು: ಅಂಗಡಿಯಲ್ಲಿ ಮಲಗಿ ನೋಡುವುದು

ನಾಚಿಕೆಯೇ ಇಲ್ಲಿ ದೊಡ್ಡ ಅಡ್ಡಿ. ಹತ್ತು ಜನರ ಎದುರು ಗಂಡ ಹೆಂಡತಿ ಮಲಗಿ ನೋಡುವುದು ನಮ್ಮ ಊರುಗಳಲ್ಲಿ ಸುಲಭವಲ್ಲ. ಅದಕ್ಕೇ ಎಲ್ಲರೂ ಅಂಚಿನಲ್ಲಿ ಕುಳಿತು ಎರಡು ಸಲ ಕುಪ್ಪಳಿಸಿ ದುಡ್ಡು ಕೊಟ್ಟು ಬರುತ್ತಾರೆ. ಬಿಸಿಲಿಗೆ ಗಿರಾಕಿಗಳಿಲ್ಲದ ಮಧ್ಯಾಹ್ನ ಎರಡು, ಮೂರರ ಹೊತ್ತಿಗೆ ಹೋಗಿ. ಹೆಣ್ಣುಮಕ್ಕಳು ಅತ್ತೆಯನ್ನೋ ನಾದಿನಿಯನ್ನೋ ಕರೆದುಕೊಂಡು ಹೋದರೆ ಮುಜುಗರ ಕಡಿಮೆ. ಒಬ್ಬೊಬ್ಬರೂ ಕಾಲು ಗಂಟೆ, ಮನೆಯಲ್ಲಿ ಮಲಗುವ ಭಂಗಿಯಲ್ಲೇ, ದಿಂಬು ಇಟ್ಟುಕೊಂಡು ಮಲಗಬೇಕು. ಮಗ್ಗುಲಾಗಿ ಮಲಗಿದವರ ಬೆನ್ನ ಕಡೆಯಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕುತ್ತಿಗೆಯಿಂದ ಟೊಂಕದವರೆಗೆ ಬೆನ್ನೆಲುಬಿನ ಗೆರೆ ನೆಟ್ಟಗಿದ್ದರೆ ಸರಿ. ನಡು ಕೆಳಕ್ಕೆ ಜೋತಿದ್ದರೆ ಮೆತ್ತಗಾಯಿತು, ಹೆಗಲು ಎತ್ತಿ ಹಿಡಿದಂತಿದ್ದರೆ ಬಿರುಸಾಯಿತು.

ಬಿಲ್ಲಿನಲ್ಲಿ ಪ್ರತಿ ಪದರದ ಹೆಸರು, ಡೆನ್ಸಿಟಿ, ದಪ್ಪ ಬರೆಸಿ. ಹದಿನೈದು ದಿನದೊಳಗೆ ಒಂದು ತುಂಡು ಬದಲಿಸಿಕೊಡುತ್ತೀರಾ ಎಂದು ಮೊದಲೇ ಕೇಳಿ. ಕತ್ತರಿಸಿದ ಫೋಮನ್ನು ವಾಪಸ್ ತೆಗೆದುಕೊಳ್ಳಲು ಒಪ್ಪುವುದು ಕಷ್ಟ, ವ್ಯತ್ಯಾಸದ ಹಣ ಪಡೆದು ಬದಲಿಸಲು ಎಷ್ಟೋ ಜನ ಒಪ್ಪುತ್ತಾರೆ.

ಎಂಟನೆಯದು: ದಿಂಬು

ಮಗ್ಗುಲಾಗಿ ಮಲಗುವವರಿಗೆ ಕಿವಿಯಿಂದ ಹೆಗಲ ತುದಿಯವರೆಗಿನ ಎತ್ತರ ತುಂಬುವ ದಿಂಬು ಬೇಕು. ಹೊಸ ಮೆತ್ತನೆ ಪದರದಲ್ಲಿ ಹೆಗಲು ಒಳಗೆ ಇಳಿಯುವುದರಿಂದ ಹಳೆಯ ಎತ್ತರದ ದಿಂಬು ಈಗ ಹೆಚ್ಚಾಗಬಹುದು, ಕುತ್ತಿಗೆ ಹಿಡಿದುಕೊಂಡರೆ ಹಾಸಿಗೆಯನ್ನು ಬೈಯುವ ಮೊದಲು ದಿಂಬು ಬದಲಿಸಿ. ಮೊಣಕಾಲುಗಳ ನಡುವೆ ಒಂದು ಸಣ್ಣ ದಿಂಬು ಇಟ್ಟರೆ ಚಪ್ಪೆಗೆ ಹಾಯೆನಿಸುತ್ತದೆ. ಅಂಗಾತ ಮಲಗುವವರಿಗೆ ತೆಳುವಾದದ್ದು, ಬೇಕಿದ್ದರೆ ಮೊಣಕಾಲ ಕೆಳಗೂ ಒಂದು. ಬೋರಲು ಮಲಗುವವರಿಗೆ ತಲೆಗೆ ದಿಂಬೇ ಬೇಡ, ಕಿಬ್ಬೊಟ್ಟೆಯ ಕೆಳಗೆ ತೆಳ್ಳಗಿನದೊಂದು ಸಾಕು.

ಮೊದಲ ತಿಂಗಳು, ಆಮೇಲೆ

ಹೊಸ ಫೋಮ್ ಮೊದಲ ಕೆಲವು ವಾರಗಳಲ್ಲಿ ತುಸು ಮೆತ್ತಗಾಗುತ್ತದೆ. ಹಳೆಯ ಗುಂಡಿಗೆ ಒಗ್ಗಿದ ಮೈಗೂ ಹೊಸದಕ್ಕೆ ಹೊಂದಲು ಅಷ್ಟೇ ಸಮಯ ಬೇಕು. ಮೊದಲ ವಾರದಲ್ಲೇ ತೀರ್ಪು ಕೊಡಬೇಡಿ. ತಿಂಗಳಾದ ಮೇಲೂ ಒಬ್ಬರಿಗೆ ನೋವಿದ್ದರೆ ಅವರ ಬದಿಯ ಎರಡು ತುಂಡು ಮಾತ್ರ ಮೇಲು ಕೆಳಗೆ ಮಾಡಿ, ಮತ್ತೆರಡು ವಾರ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ದಿಂಬು, ಪದರ, ಮಂಚ ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದೇ ಇಲ್ಲ.

ಮೂರ್ನಾಲ್ಕು ತಿಂಗಳಿಗೊಮ್ಮೆ ಮೇಲಿನ ತುಂಡುಗಳ ತಲೆಕಡೆಯನ್ನು ಕಾಲ್ಕಡೆಗೆ ತಿರುಗಿಸಿ. ವರ್ಷಕ್ಕೊಮ್ಮೆ ಜಿಪ್ ಬಿಚ್ಚಿ, ಮಲಗುವ ಜಾಗದ ಮೇಲೆ ಅಡ್ಡಲಾಗಿ ಒಂದು ನೇರ ಕೋಲಿಟ್ಟು ಕೆಳಗಿನ ಗುಂಡಿಯನ್ನು ಸ್ಕೇಲಿನಿಂದ ಅಳೆಯಿರಿ. ಯಾರೂ ಮಲಗಿಲ್ಲದಾಗಲೂ ಒಂದು ಇಂಚು ತಗ್ಗಿದ್ದರೆ ಆ ತುಂಡಿನ ಕಾಲ ಮುಗಿಯಿತು. ಬಿಲ್ಲು ತೆಗೆದುಕೊಂಡು ಹೋಗಿ ಅದೇ ಡೆನ್ಸಿಟಿ, ಅದೇ ದಪ್ಪದ್ದನ್ನು ಆ ಒಂದು ಬದಿಗೆ ಮಾತ್ರ ತನ್ನಿ.